ಹನುಮಂತಯ್ಯನವರ ಮರಣ ದಿನಾಂಕ

ಸಾವಿತ್ರಮ್ಮನಿಗೆ ಎಂಬತ್ನಾಲ್ಕು ವರ್ಷ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಯಾರನ್ನೂ ಅಪ್ಪ ಎಂದು ಕರೆದವರಲ್ಲ. ಕರೆಯೋಣವೆಂದರೆ ಅಪ್ಪ ಎದುರಿಗಿರಲಿಲ್ಲ. ಹಾಗಂತ ಸತ್ತುಹೋದ ಎನ್ನುವುದಕ್ಕೂ ಆ ಮನೆಯಲ್ಲಿ ಅಪ್ಪಣೆ ಇರಲಿಲ್ಲ.

ಬಾಣಾವರಕ್ಕೆ ಎರಡು ಮೈಲಿ ಇರುವಂತೆ, ತೆಂಗಿನ ತೋಟಕ್ಕೆ ಅಂಟಿಕೊಂಡ ಮನೆ ಅವರದು. ಅಪ್ಪ ಹನುಮಂತಯ್ಯ ದಂಡಿಗೆ ಸೇರಿ ಮಲಯಾಕ್ಕೆ ಹೊರಟಾಗ ಸಾವಿತ್ರಮ್ಮ ತೊಟ್ಟಿಲಲ್ಲಿದ್ದರು. ಅಲ್ಲಿ ಬ್ರಿಟಿಷರು ಸೋತರು, ಇಲ್ಲಿಗೆ ಕಾಗದ ಬರುವುದು ನಿಂತಿತು. ಯುದ್ಧ ಮುಗಿದ ಮರುವರ್ಷ ತಿಪಟೂರು ಕಡೆಯ ಸಿಪಾಯಿಯೊಬ್ಬ ಮನೆ ಹುಡುಕಿಕೊಂಡು ಬಂದ. “ನಿಮ್ಮ ಯಜಮಾನ್ರನ್ನ ರಂಗೂನಲ್ಲಿ ನೋಡಿದ್ದೆ ಕಣವ್ವ. ಬೋಸರ ಸೈನ್ಯಕ್ಕೆ ಸೇರ್ಕಂಡು ಲಾರಿ ಓಡಿಸ್ತಿದ್ರು. ಆಮೇಲಿಂದು ನಂಗೊತ್ತಿಲ್ಲ” ಎಂದು ಹೇಳಿ, ಒಂದು ಚೊಂಬು ಮಜ್ಜಿಗೆ ಕುಡಿದು ಎದ್ದು ಹೋದ. ಮಜ್ಜಿಗೆ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಿದ ಆ ಸುದ್ದಿಯ ಮೇಲೆ ಅವ್ವ ಕೆಂಚಮ್ಮ ಇನ್ನು ನಲವತ್ತೇಳು ವರ್ಷ ಬಾಳಿದಳು.

ಊರಿನವರ ಬಾಯಿ ಸುಮ್ಮನಿರುತ್ತದೆಯೇ? ಬೋಸರೇ ವಿಮಾನ ಬಿದ್ದು ಹೋದರಂತೆ, ಇನ್ನು ಲಾರಿ ಓಡಿಸುವವನು ಉಳಿದಾನೆಯೇ, ಕುಂಕುಮ ಅಳಿಸಿಕೋ ಎಂದರು. ಕೆಂಚಮ್ಮ ಹಾಗೆಲ್ಲ ಮಣಿಯುವ ಹೆಂಗಸಲ್ಲ. “ಸುಬಾಸಪ್ಪನ ಹೆಣ ಕಂಡೋರು ಯಾರು? ಆ ಯಪ್ಪ ಇದ್ರೆ ನಮ್ಮೋರೂ ಅವ್ರೆ. ಆ ಯಪ್ಪ ಬಂದ ದಿನ ಬತ್ತಾರೆ” ಎಂದು ಹೇಳಿ, ಹಣೆಯ ಮೇಲೆ ಕಾಸಗಲ ಕುಂಕುಮ ಇಟ್ಟುಕೊಂಡೇ ಓಡಾಡಿದಳು. ದೆಹಲಿಯಲ್ಲಿ ಒಂದು ಸಮಿತಿ ಕೂತು ಬೋಸರು ವಿಮಾನದಲ್ಲೇ ತೀರಿಕೊಂಡರು ಎಂದಿತು. ಆಮೇಲೆ ಒಂದು ಆಯೋಗ ಕೂತು ಅದೇ ಮಾತು ಹೇಳಿತು. ಕೆಂಚಮ್ಮ ಎರಡನ್ನೂ ಒಪ್ಪಲಿಲ್ಲ. ಮುಂದೆ ಮೂರನೆಯದು ಬಂದು ವಿಮಾನದಲ್ಲಿ ಸಾಯಲಿಲ್ಲ ಎಂದಾಗ ಸರ್ಕಾರ ಒಪ್ಪಲಿಲ್ಲ. ಕೆಂಚಮ್ಮ ಇದ್ದಿದ್ದರೆ ಕುಣಿದಾಡುತ್ತಿದ್ದಳೇನೋ, ಆದರೆ ಅಷ್ಟು ಹೊತ್ತಿಗೆ ಆಕೆ ಇರಲಿಲ್ಲ.

ಸಾವಿತ್ರಮ್ಮ ಇನ್ನೂ ಲಂಗ ಹಾಕುತ್ತಿದ್ದ ಕಾಲದಲ್ಲಿ ಒಂದು ಪುಕಾರು ಎದ್ದಿತ್ತು. ಹಳೇಬೀಡಿನ ಕೆರೆ ಏರಿಯ ಮೇಲೆ ಯಾರೋ ಬೈರಾಗಿ ಬಂದು ಕೂತಿದ್ದಾನೆ, ಅವನೇ ಬೋಸ್ ಅಂತೆ ಎಂದು. ಕೆಂಚಮ್ಮ ಮಗಳ ಕೈಹಿಡಿದು ಹೊರಟೇಬಿಟ್ಟಳು. ಜನರೆಲ್ಲ ಅಡ್ಡಬೀಳುತ್ತಿದ್ದರೆ ಈಕೆ ನೆಟ್ಟಗೆ ನಿಂತು, “ಬಾಣಾವರದ ಕಡೆ ಹನುಮಂತಯ್ಯ ಅಂತ, ಎತ್ತರದ ಆಳು, ನಿಮ್ಮ ಲಾರಿ ಓಡಿಸ್ತಿದ್ರಲ್ಲ, ಎಲ್ಲವ್ರೆ?” ಎಂದು ಕೇಳಿದಳು. ಬೈರಾಗಿಗೆ ಕನ್ನಡದ ಗಂಧಗಾಳಿಯಿಲ್ಲ. ಪಾಪ, ಅವನು ಈಕೆಯ ಮುಖವನ್ನೇ ನೋಡಿ ಒಂದು ಬಾಳೆಹಣ್ಣು ಕೊಟ್ಟ. ವಾಪಸು ಬರುವ ದಾರಿಯಲ್ಲಿ ಕೆಂಚಮ್ಮ, “ಇವನಲ್ಲ ಬಿಡು. ಸುಬಾಸಪ್ಪಂಗೆ ಕನ್ನಡಕ ಐತೆ” ಎಂದಳು. ಅರ್ಧ ಹಣ್ಣನ್ನು ಮಗಳಿಗೆ ಕೊಟ್ಟು, ಇನ್ನರ್ಧ ಅಪ್ಪನಿಗೆಂದು ಸೆರಗಿನ ತುದಿಗೆ ಕಟ್ಟಿಕೊಂಡಳು. ಅದು ಕೊಳೆತು ನಾರುವವರೆಗೂ ಅದನ್ನು ಮುಟ್ಟಲು ಸಾವಿತ್ರಮ್ಮನಿಗೆ ಧೈರ್ಯವಾಗಲಿಲ್ಲ.

ತೊಂಬತ್ಮೂರರ ಮಾರ್ಚಿಯಲ್ಲಿ ಕೆಂಚಮ್ಮ ತೀರಿಕೊಂಡಾಗ ಅಂಗಳದಲ್ಲಿ ಗುಸುಗುಸು ಶುರುವಾಯಿತು. ಹೆಣಕ್ಕೆ ಕುಂಕುಮ ಇಡುವುದೋ ಬೇಡವೋ? ಸಾವಿತ್ರಮ್ಮ ಯಾರನ್ನೂ ಕೇಳಲಿಲ್ಲ. ಅರಿಶಿನ ಹಚ್ಚಿ, ಹಸಿರು ಬಳೆ ತೊಡಿಸಿ, ಮುಡಿತುಂಬ ಹೂವಿಟ್ಟು, ಮುತ್ತೈದೆಯಾಗಿಯೇ ಅವ್ವನನ್ನು ಕಳಿಸಿಕೊಟ್ಟರು. ಅಲ್ಲಿಂದ ಮುಂದೆ ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ಅವ್ವನ ಎಡೆಯ ಮುಂದೆ ಸೀರೆ, ಬಳೆ, ಕುಂಕುಮ ಇಡುವುದು ನಡೆದುಬಂತು. ಪಕ್ಕದಲ್ಲಿ ಸಾವಿತ್ರಮ್ಮನ ತೀರಿಹೋದ ಗಂಡನಿಗೆ ಒಂದು ಎಲೆ, ಅಜ್ಜನಿಗೆ ಒಂದು, ಅಜ್ಜಿಗೆ ಒಂದು. ಅಪ್ಪನಿಗೆ ಮಾತ್ರ ಎಲೆಯಿಲ್ಲ. ಸಾಯದಿರುವವನಿಗೆ ಎಡೆ ಇಡುವಂತಿಲ್ಲ. ಸತ್ತಿದ್ದರೆ ಅವನೊಬ್ಬನೇ ಹೊರಗೆ ಹಸಿದು ನಿಂತಿರುತ್ತಾನಲ್ಲ ಎನ್ನುವುದು ನೆನಪಾದಾಗ ಸಾವಿತ್ರಮ್ಮ ಹಬ್ಬದೂಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಈ ಸಲ ಹಬ್ಬಕ್ಕೆ ಹತ್ತು ದಿನವಿರುವಾಗ ಗ್ರಾಮ ಆಡಳಿತ ಅಧಿಕಾರಿ ಶಿಲ್ಪಶ್ರೀ ಮನೆಗೆ ಬಂದಳು. ಸತ್ತವರ ಹೆಸರಿನಲ್ಲೇ ಉಳಿದ ಜಮೀನನ್ನು ವಾರಸುದಾರರಿಗೆ ಪೌತಿ ಖಾತೆ ಮಾಡಿಕೊಡುವ ಕೆಲಸ. ತೋಟದ ಪಹಣಿಯಲ್ಲಿ ಇವತ್ತಿಗೂ ಹನುಮಂತಯ್ಯನದೇ ಹೆಸರು. ಮರಣ ಪತ್ರ ಇಲ್ಲದಿದ್ದರೆ ಅಫಿಡವಿಟ್ ಸಾಕು, ಅಂದಾಜು ತಾರೀಖು ಬರೆಯಿರಿ ಎಂದು ಹೇಳಿ ಹೋದಳು. ಮಗ ಉಮೇಶ ಅರಸೀಕೆರೆ ಡಿಪೋದಲ್ಲಿ ಕಂಡಕ್ಟರ್, ಎಲ್ಲದರಲ್ಲೂ ಅವಸರ. ಮೊಬೈಲಿನಲ್ಲಿ ಹುಡುಕಿ, ಬೋಸರ ವಿಮಾನ ಬಿತ್ತು ಎನ್ನುವ ದಿನವನ್ನೇ ಬರೆದು ಅವ್ವನ ಮುಂದೆ ಹಿಡಿದ. ಹದಿನೆಂಟು, ಎಂಟು, ನಲವತ್ತೈದು.

“ನಿಮ್ಮಜ್ಜ ಆ ಇಮಾನದಾಗೆ ಇದ್ನೇನ್ಲಾ?” ಎಂದರು ಸಾವಿತ್ರಮ್ಮ.

“ಯಾವುದೋ ಒಂದು ತಾರೀಖು ಹಾಕ್ಬೇಕಲ್ಲವ್ವ. ಅವ್ರು ಹೋಗಿ ಯಾವ ಕಾಲವಾಯ್ತು.”

“ಇದಕ್ಕೆ ನಾನು ಸಹಿ ಹಾಕಿದ್ರೆ ನಮ್ಮವ್ವ ನಲವತ್ತೇಳು ವರ್ಷ ಮುಂಡೆಯಾಗಿದ್ದೂ ಕುಂಕುಮ ಇಟ್ಕಂಡಂಗಾಯ್ತದೆ. ಹಾಕಾಕಿಲ್ಲ ಹೋಗು.”

ಉಮೇಶ ಕಾಗದ ಮಡಚಿಟ್ಟು ಡ್ಯೂಟಿಗೆ ಹೋದ. ಆದರೆ ಸಾವಿತ್ರಮ್ಮನಿಗೆ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಅಪ್ಪ ಇದ್ದಿದ್ದರೆ ನೂರೆಂಟು ವರ್ಷವಾಗಿರುತ್ತಿತ್ತು. ಇಲ್ಲ ಎನ್ನುವುದು ಅವರಿಗೆ ಗೊತ್ತಿಲ್ಲವೆಂದಲ್ಲ. ತಾನೂ ಕಣ್ಣುಮುಚ್ಚಿದರೆ ಅವನ ಹೆಸರಿಗೆ ಎಲೆ ಹಾಸುವವರು ಈ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ. ಅಪ್ಪನಿಗೆ ಅನ್ನ ಇಟ್ಟರೆ ಅವ್ವನ ಕುಂಕುಮ ಅಳಿಸಬೇಕು, ಅವ್ವನ ಕುಂಕುಮ ಉಳಿಸಿದರೆ ಅಪ್ಪ ಉಪವಾಸ. ಎರಡು ದಿನ ಸರಿಯಾಗಿ ಉಣ್ಣದೆ ಜಗಲಿಯ ಮೇಲೆ ಕೂತಿದ್ದರು. ಸೊಸೆ ಹೇಮಾಶ್ರೀ ಎರಡು ಸಲ ಬಿಪಿ ಮಾತ್ರೆ ಕೊಟ್ಟಳು.

ಮೂರನೆಯ ದಿನ ಶಿಲ್ಪಶ್ರೀ ಅರ್ಜಿಗೆಂದು ಬಂದಾಗ ಸಾವಿತ್ರಮ್ಮ ತಾವೇ ಚಾಪೆ ಹಾಸಿದರು.

“ತಾಯಿ, ನಮ್ಮಪ್ಪ ಇಂಥ ದಿನಾನೇ ಹೋದ ಅಂತ ಹೇಳೋರು ಯಾರಾನಾ ಅವ್ರಾ?”

“ಇಲ್ಲ ಅಜ್ಜಿ. ಅದಕ್ಕೇ ಅಂದಾಜು ಅಂತ ಬರ್ಕೊಳ್ಳೋದು.”

“ಹಂಗಾದ್ರೆ ಬರ್ಕೊ. ನಮ್ಮವ್ವ ಹೋಗಿದ್ದು ತೊಂಬತ್ಮೂರು, ಮಾರ್ಚಿ ಎರಡು. ನಮ್ಮಪ್ಪ ಹೋಗಿದ್ದು ಅದಾದ ಮೇಲೆ.”

ಶಿಲ್ಪಶ್ರೀಯ ಪೆನ್ನು ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿದ್ದ ಉಮೇಶ ಏನೋ ಹೇಳಹೊರಟಾಗ ಹೇಮಾಶ್ರೀ ಅವನನ್ನು ಚಿವುಟಿದಳು.

“ಎಷ್ಟು ದಿನ ಆದ್ಮೇಲೆ ಅಜ್ಜಿ?” ಎಂದು ಶಿಲ್ಪಶ್ರೀ ಮೆಲ್ಲಗೆ ಕೇಳಿದಳು.

“ತಿಥಿ ಕಳೀಲಿ. ಹೆಂಡ್ರ ತಿಥಿ ಊಟ ಮಾಡ್ಕಂಡ್ ಹೋಗ್ಲಿ. ಮಾರ್ಚಿ ಹದಿನೈದು ಅಂತ ಹಾಕು.”

“ಯಾರಾದ್ರೂ ಇದು ಸುಳ್ಳು ಅಂದ್ರೆ?”

“ನಿಜ ಗೊತ್ತಿರೋರು ಬಂದು ಹೇಳ್ಲಿ. ಅಂಥೋರು ಬತ್ತಾರೆ ಅಂತ್ಲೇ ನಾವು ಕಾದಿದ್ದು.”

ಶಿಲ್ಪಶ್ರೀ ಪೆನ್ನು ಊರಿದಳು. ಅಂದಾಜು ಎನ್ನುವ ಪದವನ್ನು ಎದ್ದು ಕಾಣುವಂತೆ ಬರೆದು, ಅದರ ಮುಂದೆ ಆ ತಾರೀಖು ಹಾಕಿದಳು. ಸಾವಿತ್ರಮ್ಮ ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಅತ್ತರು. ಅಪ್ಪ ಸತ್ತಾಗ ಮಗಳು ಅಳಬೇಕಲ್ಲ, ಅವರಿಗೆ ಅದು ಅಂದೇ ಒದಗಿತು.

ಅಮಾವಾಸ್ಯೆಯ ದಿನ ಉಮೇಶ ಅರಸೀಕೆರೆಯಿಂದ ಹೊಸ ಪಂಚೆ, ಟವೆಲ್ಲು ತಂದ. ಎಡೆಗೆ ಬಡಿಸುವಾಗ ಹೇಮಾಶ್ರೀ, “ಅತ್ತೆ, ತಾತಂಗೆ ಏನಿಷ್ಟ?” ಎಂದಳು. ಸಾವಿತ್ರಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವಲ್ಲ ಎಂದು ಮುಖ ಸಣ್ಣದಾಯಿತು. “ಅವ್ವಂಗೆ ಹಾಕಿದ್ದನ್ನೇ ಹಾಕು. ಆ ಕೈಯಡಿಗೇನೇ ತಾನೇ ಉಂಡಿದ್ದು” ಎಂದರು. ಸೀರೆ ಕುಂಕುಮವಿದ್ದ ಎಲೆಗೆ ತಾಗಿಸಿ ಇನ್ನೊಂದು ಎಲೆ ಹಾಸಿ, ಪಂಚೆಯಿಟ್ಟು, “ಬಾರಪ್ಪ, ಉಣ್ಣು” ಎಂದರು. ಧೂಪ ಹಾಕಿ ಎಲ್ಲರೂ ಹೊರಗೆ ಬಂದರು. ಹಿರಿಯರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಕಾಯುವುದು ವಾಡಿಕೆ. ಐದು ನಿಮಿಷ, ಹೆಚ್ಚೆಂದರೆ ಹತ್ತು.

ಕಾಲು ಗಂಟೆಯಾಯಿತು. ಸಾರು ಆರುತ್ತಿತ್ತು, ಉಮೇಶನ ಡ್ಯೂಟಿಗೂ ಹೊತ್ತಾಗುತ್ತಿತ್ತು. ಅವನು ಎದ್ದು ಬಾಗಿಲಿಗೆ ಕೈಹಾಕಿದ. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ ಸಾವಿತ್ರಮ್ಮ ಅಲುಗಲಿಲ್ಲ.

“ಇರ್ಲಾ, ತೆಗೀಬ್ಯಾಡ. ಅವ್ರಿಬ್ರೂ ಒಟ್ಟಿಗೆ ಕೂತು ಉಂಡು ಎಂಬತ್ನಾಲ್ಕು ವರ್ಷ ಆಗೈತೆ.”