ಪರದೆಯ ಹಿಂದೆ ಒಂದು ‘ನಾಹೀ’

ಎಂಬತ್ತರ ದಶಕದ ನಡುವಿನಲ್ಲಿ ಎರಡು ವರ್ಷ ನಾನು ಬೆಳಗಾವಿಯ ವಿಮಾನ ನಿಲ್ದಾಣದಲ್ಲಿ ಹೆಂಗಸರ ಮೈ ತಡವುವ ಕೆಲಸ ಮಾಡಿದೆ. ಖಾನಾಪುರದ ನಮ್ಮ ಓಣಿಯಲ್ಲಿ ಮಾತ್ರ ಪೊಲೀಸ್ ನೌಕರಿ ಎಂದಷ್ಟೇ ಹೇಳಿಕೊಂಡಿದ್ದೆ. ದಿನಕ್ಕೆ ಒಂದೇ ವಿಮಾನ, ಅದೂ ಬಂದರೆ ಬಂತು. ಪೇಪರಿನಲ್ಲಿ ವಿಮಾನ ಅಪಹರಣದ ಸುದ್ದಿ ಬಂದಾಗಲೆಲ್ಲ ಮೇಲಿನಿಂದ ಹೊಸ ಆದೇಶ ಬರುತ್ತಿತ್ತು. ನಮ್ಮ ಸಾಹೇಬರು ಮುಂಬಯಿಗೆ ಹೊರಟವರ ಕುಂದಾದ ಡಬ್ಬಿಗೂ ಪೆನ್ಸಿಲ್ ಚುಚ್ಚಿ ನೋಡುತ್ತಿದ್ದರು. ನಗು ಬಂದರೂ ನುಂಗಿಕೊಳ್ಳುತ್ತಿದ್ದೆವು.

ಹೆಂಗಸರಿಗೆಂದು ಮೂಲೆಯಲ್ಲಿ ಹಸಿರು ಪರದೆ ಕಟ್ಟಿದ್ದರು. ಅದರ ಹಿಂದೆ ಒಂದು ಸ್ಟೂಲು, ನಾನು, ಕೈಯಲ್ಲಿ ಹಿಡಿಯುವ ಮಷೀನು. ಲೋಹ ಸಿಕ್ಕರೆ ಅದು ಕುಂಯ್ ಎನ್ನುತ್ತಿತ್ತು. ದಿನಾಲೂ ಮೊದಲು ಅದನ್ನು ಪರೀಕ್ಷಿಸಿ, ರಿಜಿಸ್ಟರಿನಲ್ಲಿ ‘ಮಷೀನು ಸರಿ ಇದೆ’ ಎಂದು ಬರೆದು ಸಹಿ ಹಾಕಬೇಕು. ಬೇರೆಯವರು ಅದಕ್ಕೆ ಬೀಗದ ಕೈ ಹುಡುಕುತ್ತಿದ್ದರು. ನನಗೆ ಆ ತಾಪತ್ರಯವಿರಲಿಲ್ಲ. ಖಾಕಿ ಅಂಗಿಯ ಮೇಲಿಂದ ಎದೆಗೆ ಹಿಡಿದರೆ ಸಾಕು, ಒಳಗೆ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಗೆ ಅದು ಕೂಗುತ್ತಿತ್ತು. ಕರಡಿಗೆಯೊಳಗೆ ನನ್ನ ಇಷ್ಟಲಿಂಗ. ದೀಕ್ಷೆಯಾದ ದಿನದಿಂದ ಅದನ್ನು ಮೈಮೇಲಿಂದ ತೆಗೆದಿಟ್ಟವಳಲ್ಲ. ತಡವುವವಳನ್ನು ತಡವುವವರು ಯಾರಿದ್ದಾರೆ? ಹೀಗಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಬೆಳಗಾವಿಯದೇ ಸದಾಶಿವನಗರದ ಅಜ್ಜಿಯೊಬ್ಬರು ಬಂದರು. ಇಳಕಲ್ ಸೀರೆ, ಹಣೆತುಂಬ ವಿಭೂತಿ, ಜೊತೆಗೆ ಯಾರೂ ಇಲ್ಲ. ಮುಂಬಯಿಯಲ್ಲಿದ್ದ ಮಗಳಿಗೆ ಮರುದಿನ ಬೆಳಿಗ್ಗೆ ಆರಕ್ಕೆ ಎದೆಯ ಆಪರೇಷನ್ ಇತ್ತು.

“ಒಳಗ ಒಯ್ಯೂದ್ರಾಗ ನಿನ್ನ ಮಾರಿ ನೋಡಬೇಕವ್ವಾ ಅಂದಾಳ,” ಎಂದು ನಾನು ಕೇಳದಿದ್ದರೂ ಹೇಳಿದರು.

ಮಷೀನು ಅವರ ಎದೆಯ ಹತ್ತಿರ ಕೂಗಿತು. ಏನೆಂದು ನನಗೆ ಗೊತ್ತು. ಆದರೆ ಪರದೆಯಾಚೆ ನಿಂತ ಸಾಹೇಬರಿಗೂ ಕೇಳಿಸಿತ್ತು.

“ಏನದು? ತಗಸು, ಟೇಬಲ್ ಮ್ಯಾಲ ಇಡಸು.”

“ಲಿಂಗಾ ಐತ್ರಿ ಸಾಹೇಬ್ರ,” ಎಂದೆ.

“ಇರಲಿ. ಒಳಗ ಏನೈತಿ ಅನ್ನೂದು ನನಗೇನ ಗೊತ್ತು? ನಾ ಮುಟ್ಟೂದಿಲ್ಲ, ನೀನರ ಬಿಚ್ಚಿಸಿ ನೋಡು. ನೋಡದ ಯಾರನ್ನೂ ಬಿಡಾಂಗಿಲ್ಲ.”

ಅವರು ಕೆಟ್ಟವರಲ್ಲ. ಆ ನಿಯಮ ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ. ವಿಮಾನದಲ್ಲಿ ಕೂತವರೆಲ್ಲರ ಜೀವದ ಪ್ರಶ್ನೆ ಅದು.

ಅಜ್ಜಿ ಸೆರಗಿನೊಳಗೆ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು.

“ಲಿಂಗ ಇಲ್ಲದವ್ರ ಮುಂದ ಇದನ್ನ ಬಿಚ್ಚಾಂಗಿಲ್ಲ, ಯವ್ವಾ. ನೀ ಲಿಂಗವಂತರಾಕಿ ಇದ್ದಿ ಅಂದ್ರ ನಿನ್ನೆದುರಿಗೆ ಅಂಗೈಯಾಗ ಇಟ್ಟು ತೋರಸ್ತೀನಿ. ಇದ್ದಿ ಏನು?”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥ ದಾರಿಯನ್ನು ಅವರೇ ತೋರಿಸಿದ್ದರು. ನಾನು ‘ಹೌದ್ರಿ’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಿಂದಿನ ವಾರವಷ್ಟೇ ಒಬ್ಬ ಪೇದೆ ತನ್ನ ಬೀಗರನ್ನು ತಪಾಸಣೆ ಇಲ್ಲದೆ ಒಳಗೆ ಬಿಟ್ಟು ಸಸ್ಪೆಂಡ್ ಆಗಿದ್ದ. “ನಮ್ಮವರು ತಮ್ಮವರು ಅನ್ನಾವ್ರು ಖಾಕಿ ಬಿಚ್ಚಿಟ್ಟು ಮನಿಗೆ ಹೋಗ್ರಿ,” ಎಂದು ಸಾಹೇಬರು ಎಲ್ಲರನ್ನೂ ನಿಲ್ಲಿಸಿ ಬೈದಿದ್ದರು. ನಮ್ಮ ಮನೆಯಲ್ಲಿ ನೌಕರಿ ಇದ್ದವಳು ನಾನೊಬ್ಬಳೇ. ಸಾಹೇಬರ ಬೂಟು ಪರದೆಯ ಕೆಳಗೆ ಕಾಣುತ್ತಿತ್ತು; ನಾನು ‘ಹೌದು’ ಎಂದರೆ ಅವರಿಗೂ ಕೇಳಿಸುತ್ತಿತ್ತು.

“ನಾಹೀ,” ಎಂದೆ.

ಮರಾಠಿಯಲ್ಲೇ ಏಕೆ ಬಂತೋ. ಖಾನಾಪುರದವರ ನಾಲಿಗೆಗೆ ಎರಡು ಬಾಗಿಲು, ಯಾವುದರಿಂದ ಬೇಕಾದರೂ ಹೊರಬೀಳಬಹುದು. ಕನ್ನಡದಲ್ಲಿ ಇಲ್ಲ ಎನ್ನಲು ಬಾಯಿ ಬಂದಿರಲಿಕ್ಕಿಲ್ಲ. ಅಜ್ಜಿ ತಲೆಯಾಡಿಸಿದರು.

“ಹಂಗಾರ ಬ್ಯಾಡ ಬಿಡವ್ವಾ. ನಿಂದೇನ ತಪ್ಪೈತಿ?”

ಸಾಹೇಬರು ಬಂದು ಎರಡು ಸಲ ತಿಳಿಸಿ ಹೇಳಿದರು. ಅಜ್ಜಿ ಎರಡು ಸಲವೂ ಕೈ ಮುಗಿದರು, ಬಿಚ್ಚಲಿಲ್ಲ. ವಿಮಾನ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಅಜ್ಜಿ ಬೆಂಚಿನ ಮೇಲೆ ಕೂತಿದ್ದು, ಮುಂಬಯಿ ಬಸ್ಸು ಎಷ್ಟು ಗಂಟೆಗೆ ಮುಟ್ಟುತ್ತದೆ ಎಂದು ಕೇಳಿದರು. ಬೆಳಿಗ್ಗೆ ಏಳೂವರೆ, ಎಂಟು ಆಗುತ್ತದೆ ಎಂದು ಯಾರೋ ಹೇಳಿದರು. ಆದರೂ ಆಟೋ ಹತ್ತಿ ಬಸ್ ಸ್ಟ್ಯಾಂಡಿಗೆ ಹೋದರು.

ನನಗೆ ಅಳು ಬರಲಿಲ್ಲ. ನಾಚಿಕೆಯೂ ಆಗಲಿಲ್ಲ. ಖಾನಾಪುರದ ಬಸ್ಸಿನಲ್ಲಿ ಕೂತು ಶೇಂಗಾ ತಿಂದೆ, ಮನೆಗೆ ಹೋಗಿ ರೊಟ್ಟಿ ಬಡಿದೆ. ಮನಸ್ಸು ಜೋಮು ಹಿಡಿದಂತಿತ್ತು. ಅಜ್ಜಿಯ ವಿಳಾಸ ರಿಜಿಸ್ಟರಿನಲ್ಲೇ ಇತ್ತು. ಮಗಳು ಹೇಗಿದ್ದಾಳೆಂದು ಹೋಗಿ ಕೇಳಬಹುದಿತ್ತು. ಆ ಎರಡು ವರ್ಷದಲ್ಲಿ ಒಮ್ಮೆಯೂ ಹೋಗಲಿಲ್ಲ.

ಮರುದಿನ ಎಂದಿನಂತೆ ಮಷೀನನ್ನು ಎದೆಗೆ ಹಿಡಿದೆ. ಕೂಗಿತು. ‘ಮಷೀನು ಸರಿ ಇದೆ’ ಎಂದು ಬರೆದು ಸಹಿ ಹಾಕಿದೆ.