ಎಡಕ್ಕೆ ಸರಿದ ಡಿಫೆಂಡರ್

ಯತಿನ್ ಚೆಂಡು ಒದೆಯುವುದನ್ನೇ ಕಸುಬು ಮಾಡಿಕೊಳ್ಳುತ್ತಾನಂತೆ ಎಂದು ಅವನ ಅಪ್ಪ ಯಶ್ವಂತ್ ಬಂದು ಹೇಳಿದಾಗ ನಾನು ಅಪ್ಪ ಮಗ ಇಬ್ಬರಿಗೂ ಸೇರಿಸಿ ಬೈದಿದ್ದೆ. ಹುಡುಗನಿಗೆ ಮಗ್ಗಿ ಬರುವುದಿಲ್ಲ, ಒಪ್ಪಿದೆ. ಅದಕ್ಕೆ ಜೀವನಪೂರ್ತಿ ಕಾಲು ಮುರಿದುಕೊಳ್ಳಬೇಕೇ ಎಂದು ಕೇಳಿದ್ದೆ. ನಾನು ಮಹಾದೇವಕ್ಕ, ಮುಂಬಯಿ ಪಕ್ಕದ ಠಾಣೆ ಊರಿನ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಊರು ಬಾಗಲಕೋಟೆ ಕಡೆ. ಠಾಣೆಯ ಕೋಪರಿಯಲ್ಲಿ ಒಂದು ಹಳೇ ಬಿಲ್ಡಿಂಗಿನಲ್ಲಿ ನಮ್ಮದೂ ಯಶ್ವಂತರದೂ ಎದುರುಬದುರು ಬಾಗಿಲು. ಅವರು ಉಡುಪಿ ಕಡೆಯವರು, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರು. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಹಿಂದಿ, ನನ್ನೊಡನೆ ಕನ್ನಡ. ಯತಿನನ ಬಾಯಲ್ಲಿ ಮಾತ್ರ ಯಾರು ಏನು ಕೇಳಿದರೂ ಹಿಂದಿ, ಇಲ್ಲವೇ ಮರಾಠಿ. "ಕನ್ನಡದಾಗ ಹೇಳೋ" ಎಂದು ಗದರಿದರೆ "ಟೆನ್ಶನ್ ನಕಾ ಘೇವು, ಟೀಚರ್" ಎಂದು ಮರಾಠಿಯಲ್ಲೇ ನನಗೆ ಸಮಾಧಾನ ಹೇಳಿ, ನಕ್ಕು ಮೆಟ್ಟಿಲಿಳಿದು ಓಡುತ್ತಿದ್ದ.

ಓಡಿ ಓಡಿಯೇ ಮೇಲೆ ಬಂದ. ಮೊದಲು ಅಂಬರನಾಥದ ಕಾರ್ಖಾನೆಯೊಂದರ ಟೀಮು, ಆಮೇಲೆ ನವಿ ಮುಂಬಯಿಯ ಒಂದು ಕ್ಲಬ್ಬು. ಮನೆ ಮನೆಯ ಟಿವಿಯಲ್ಲಿ ಬರುವ ದೊಡ್ಡ ಲೀಗ್ ಅಲ್ಲ, ಅದರ ಕೆಳಗಿನದು. ಆದರೂ ತಿಂಗಳ ಸಂಬಳ, ವರ್ಷ ವರ್ಷಕ್ಕೆ ಹೊಸ ಕರಾರು. ಇವನು ಡಿಫೆಂಡರ್. ಇಷ್ಟು ವರ್ಷ ಆಡಿಯೂ ಇವನು ಯಾಕೆ ಒಂದು ಗೋಲೂ ಹೊಡೆಯುವುದಿಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಯಶ್ವಂತರಿಗೆ ಸಿಟ್ಟೇ ಬಂತು. "ಹೊಡೆಯುವುದು ಅವನ ಕೆಲಸ ಅಲ್ಲ ಟೀಚರೇ. ಬೇರೆಯವರು ಹೊಡೆಯದ ಹಾಗೆ ನೋಡಿಕೊಳ್ಳುವುದು. ಸರಿ ಮಾಡಿದರೆ ಯಾರಿಗೂ ಕಾಣುವುದಿಲ್ಲ, ತಪ್ಪಿದರೆ ಊರಿಗೆಲ್ಲ ಕಾಣ್ತದೆ." ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಆಟ ನೋಡುವುದನ್ನು ಕಲಿತೆ.

ಆ ಕ್ಲಬ್ಬಿನ ಗೋಲ್‌ಕೀಪರ್ ಕೈಲಾಸ, ಕಲ್ಯಾಣದವನು. ತಂದೆ ವಿಜಯಪುರದಿಂದ ಬಂದು ಅಲ್ಲಿ ಬಟ್ಟೆ ಅಂಗಡಿ ಹಾಕಿದವರು. ಡೊಂಬಿವಲಿಯ ಒಂದು ಟೂರ್ನಮೆಂಟಿನಲ್ಲಿ ಯತಿನನಿಗೂ ಅವನಿಗೂ ಗೆಳೆತನವಾಗಿ, ಮುಂದೆ ಇಬ್ಬರೂ ಒಂದೇ ಟೀಮಿಗೆ ಬಂದರು. ಕೋಪರಿಗೆ ಬಂದಾಗೆಲ್ಲ ಕೈಲಾಸ ನೇರ ನಮ್ಮ ಅಡುಗೆಮನೆಗೆ ನುಗ್ಗುತ್ತಿದ್ದ. ರೊಟ್ಟಿ, ಎಣಗಾಯಿ ಕಂಡರೆ ಅವನಿಗೆ ನಾನು ಯಾರು ಎಂಬುದೂ ಮರೆತುಹೋಗುತ್ತಿತ್ತು.

ಇವರಿಬ್ಬರದು ಒಂದು ಪದ್ಧತಿ ಇತ್ತು. ಚೆಂಡು ಎತ್ತರದಲ್ಲಿ ಗೋಲಿನ ಕಡೆ ಬಂದಾಗ, ತಾನೇ ಮುನ್ನುಗ್ಗಿ ಹಿಡಿಯುವುದಾದರೆ ಗೋಲ್‌ಕೀಪರ್ "ಕೀಪರ್" ಎಂದು ಕೂಗಬೇಕು. ಅದು ಕಿವಿಗೆ ಬಿದ್ದ ಕೂಡಲೇ ಡಿಫೆಂಡರ್ ಚೆಂಡಿನ ಆಸೆ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಎಲ್ಲ ಟೀಮಿನಲ್ಲೂ ಹಾಗೆಯೇ ಅಂತೆ. ಆದರೆ ಎದುರಾಳಿಗಳಲ್ಲಿ ಕೆಲವು ಕಿಲಾಡಿಗಳು ರೆಫರಿಯ ಕಣ್ಣು ತಪ್ಪಿಸಿ ತಾವೇ "ಕೀಪರ್" ಎಂದು ಕೂಗಿ ಮೋಸ ಮಾಡುತ್ತಾರೆ. ಅದಕ್ಕೆ ಇವರು ಕನ್ನಡ ಹಿಡಿದರು. ಕೈಲಾಸ "ನಂದು" ಎಂದರೆ ಯತಿನ್ ಬಿಡಬೇಕು. ಗೋವಾದ ಕೋಚ್ ಇದು ಬೇಡ, ಎಲ್ಲರಿಗೂ ತಿಳಿಯುವ ಹಾಗೆ ಕೂಗಿ ಎಂದು ಎಷ್ಟೋ ಸಲ ಹೇಳಿದರು, ಇಬ್ಬರೂ ಬಿಟ್ಟೆವು ಎಂದು ಅವರಿಗೆ ಹೇಳಿ ಒಳಗೊಳಗೇ ಅದನ್ನೇ ನಡೆಸಿದರು. ನನಗೆ ಮಾತ್ರ ಹೆಮ್ಮೆ. ಮನೆಯಲ್ಲಿ ಕನ್ನಡ ಆಡದ ಹುಡುಗ ಮೈದಾನದಲ್ಲಾದರೂ ಆಡುತ್ತಾನಲ್ಲ ಎಂದು ಬಿಲ್ಡಿಂಗಿನವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮುಂದಿನದು ನನಗೆ ತಡವಾಗಿ ಗೊತ್ತಾಯಿತು, ಆದರೆ ನಿಮಗೆ ಈಗಲೇ ಹೇಳದಿದ್ದರೆ ಕಥೆ ತಿಳಿಯುವುದಿಲ್ಲ. ಕಳೆದ ದೀಪಾವಳಿ ಮುಗಿದ ಮೇಲೆ ಪ್ರಾಕ್ಟೀಸಿನಲ್ಲಿ ಯಾರೋ ಹತ್ತಿರದಿಂದ ಒದ್ದ ಚೆಂಡು ಯತಿನನ ಎಡಗಿವಿಗೆ ಬಡಿಯಿತು. ಗುಂಯ್ ಎನ್ನುತ್ತಿದೆ, ನಾಳೆ ಸರಿಹೋಗುತ್ತದೆ ಎಂದುಕೊಂಡ. ಸರಿಹೋಗಲಿಲ್ಲ. ಸಾನಪಾಡಾದ ಬಾಡಿಗೆ ಮನೆಯಲ್ಲಿ ಅವನ ಹೆಂಡತಿ ರಮಿತಾ, ಪುಟ್ಟ ಮಗಳು ತೃಷಾ. ಮಗು ಅವನ ಎಡಗಡೆ ಮಲಗಿ ಕಿವಿಯಲ್ಲಿ ಗುಟ್ಟು ಹೇಳಿದೆ, ಇವನು ಸುಮ್ಮನೆ ಸೂರು ನೋಡುತ್ತಿದ್ದಾನೆ. "ಪಪ್ಪಾ ನನ್ನ ಜೊತೆ ಕಟ್ಟಿ, ಮಾತೇ ಆಡಲ್ಲ" ಎಂದು ಮಗು ಅಳುತ್ತಾ ಅಡುಗೆಮನೆಗೆ ಹೋಯಿತು. ರಮಿತಾ ಬಂದು ಅದೇ ಕಿವಿಯ ಹಿಂದೆ ಅವನ ಹೆಸರು ಪಿಸುಗುಟ್ಟಿ ನೋಡಿದಳು, ಅವನು ತಿರುಗಲಿಲ್ಲ. ವಾಶಿಯ ಡಾಕ್ಟರು ನರ ಹೋಗಿದೆ, ಇನ್ನು ಆ ಕಿವಿ ಬರುವುದಿಲ್ಲ ಎಂದರು. ಆಡುವುದಾದರೆ ಟೀಮಿನವರಿಗೆ ಹೇಳಿ ಆಡು ಎಂದೂ ಎಚ್ಚರಿಸಿದರು.

"ಹೇಳಿದರೆ ನಾಳೆಯೇ ಮನೆಗೆ ಕಳಿಸ್ತಾರೆ. ನನಗೆ ಬೇರೆ ಎಂತ ಬರ್ತದೆ? ಈ ಸೀಸನ್ ಮುಗಿಯಲಿ" ಎಂದ ಯತಿನ್.

"ಕೈಲಾಸನಿಗಾದರೂ ಹೇಳಿ" ಎಂದು ರಮಿತಾ ಗೋಗರೆದಳು. ಹಿಂದೊಮ್ಮೆ ಬೇರೆ ಟೀಮಿನಲ್ಲಿದ್ದಾಗ ಕೈಲಾಸನ ಮೂಗು ಮುರಿದಿತ್ತು, ತನ್ನ ಕಡೆಯ ಡಿಫೆಂಡರನ ತಲೆ ಬಡಿದೇ. ಅದು ಅವಳಿಗೆ ಗೊತ್ತಿತ್ತು. ಯತಿನ್ ಹೇಳಲಿಲ್ಲ. ಅದರ ಬದಲು ಕೋಚ್ ಹತ್ತಿರ ಹೋಗಿ, ಇಷ್ಟು ವರ್ಷ ಬಲಗಡೆ ಆಡುತ್ತಿದ್ದವನು, ನನಗೆ ಎಡಗಡೆಯ ಜಾಗ ಕೊಡಿ, ಎಡಗಾಲು ಪಳಗಿದೆ ಎಂದು ಸುಳ್ಳು ಹೇಳಿದ. ಎಡಗಡೆ ನಿಂತರೆ ಕೀಪರನೂ ಜೊತೆಯ ಡಿಫೆಂಡರನೂ ಅವನ ಬಲಕ್ಕೇ ಇರುತ್ತಾರೆ. ಕೂಗೆಲ್ಲ ಒಳ್ಳೆಯ ಕಿವಿಗೆ ಬೀಳುತ್ತದೆ. ಆಟ ನೋಡುತ್ತಿದ್ದ ನಾನು, ಎಲಾ ಇವನ, ಈ ವಯಸ್ಸಿನಲ್ಲಿ ಹೊಸ ಕಾಲು ಕಲಿತನಲ್ಲ ಎಂದು ಮೆಚ್ಚಿಕೊಂಡೆ. ಸೀಸನ್ನಿನ ಕೊನೆಯವರೆಗೂ ಆ ಮೋಸ ನಡೆದುಕೊಂಡು ಬಂತು.

ಕೊನೆಯ ಆಟ ನವಿ ಮುಂಬಯಿಯಲ್ಲೇ. ಸೋತರೆ ಕ್ಲಬ್ಬು ಕೆಳಗಿನ ದರ್ಜೆಗೆ ಬೀಳುತ್ತದೆ, ಸಮ ಮಾಡಿಕೊಂಡರೂ ಸಾಕು. ನಾನು, ಯಶ್ವಂತ್, ರಮಿತಾ ಮೂವರೂ ಗೋಲಿನ ಹಿಂದೆಯೇ ಕುಳಿತಿದ್ದೆವು. ಎದುರು ಟೀಮಿನ ಕಡೆಯಿಂದ ಆಟ ನೋಡಲು ಬಂದ ಹುಡುಗರು ಮೂಲೆಯಲ್ಲಿ ಡ್ರಮ್ ಬಾರಿಸಿ ತಲೆ ಚಿಟ್ಟು ಹಿಡಿಸಿದ್ದರು. ಎರಡನೇ ಅರ್ಧದಲ್ಲಿ, ಎರಡೂ ಟೀಮಿಗೆ ಇನ್ನೂ ಒಂದು ಗೋಲೂ ಆಗದೆ ಇರುವಾಗ, ಯತಿನನ ಜೋಡಿ ಡಿಫೆಂಡರ್, ಕೊಲ್ಹಾಪುರದ ಸಂಗ್ರಾಮ, ತೊಡೆ ಹಿಡಿದುಕೊಂಡು ಕೂತುಬಿಟ್ಟ. ಅವನ ಬದಲಿಗೆ ಬಂದವನು ಎಡಗಾಲಿನ ಆಟಗಾರ, ಎಡಗಡೆಯೇ ನಿಲ್ಲಬೇಕಾದವನು. ಕೋಚ್ ಯತಿನನಿಗೆ ಬಲಗಡೆಗೆ ಹೋಗು ಎಂದು ಕೈ ತೋರಿಸಿದರು.

ರಮಿತಾ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಯಾಕೆ ಎಂದು ಆಗ ನನಗೆ ಗೊತ್ತಾಗಲಿಲ್ಲ. ಮೈದಾನದಲ್ಲಿ ಯತಿನ್ ಅರೆಗಳಿಗೆ ಕೋಚ್ ಕಡೆ ನೋಡುತ್ತಾ ನಿಂತಿದ್ದ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳದೆ ಬಲಗಡೆಗೆ ಹೋದ.

ಮೊದಲ ಸಲ ಚೆಂಡು ಎತ್ತರದಲ್ಲಿ ಬಂದಾಗ ಕೈಲಾಸ ಕೂಗಿದ, ಯತಿನ್ ಬಿಡಲಿಲ್ಲ. ಇಬ್ಬರೂ ಒಟ್ಟಿಗೆ ಹಾರಿದರು. ಕೈಲಾಸನ ಮುಷ್ಟಿ ಅವನ ಕೂದಲು ಸವರಿ ಚೆಂಡನ್ನು ಹೊರಗೆ ತಳ್ಳಿತು.

"ನಂದು ಅಂತ ಒದರಿದ್ನೆಲ್ಲೋ! ಕಿವಿ ಎಲ್ಲಿಟ್ಟೀಯೋ?" ಎಂದು ಕೈಲಾಸ ಕಿರುಚಿದ್ದು ನಮ್ಮವರೆಗೂ ಬಂತು. ಯತಿನ್ ಕೈ ಎತ್ತಿ ಸಾರಿ ಎಂದ. ಅಲ್ಲಿಂದ ಮುಂದೆ ಪ್ರತಿ ಗಳಿಗೆಗೂ ಅವನು ತಲೆ ತಿರುಗಿಸಿ ತಿರುಗಿಸಿ ಹಿಂದೆ ನೋಡತೊಡಗಿದ. ಹಿಂದೆ ನೋಡಿದರೆ ಮುಂದಿನವನು ತಪ್ಪಿಸಿಕೊಳ್ಳುತ್ತಾನೆ, ಮುಂದೆ ನೋಡಿದರೆ ಹಿಂದಿನವನ ಕೂಗು ಕೇಳುವುದಿಲ್ಲ. ಇವನಿಗೆ ಏನಾಗಿದೆ, ಕಳ್ಳನ ಹಾಗೆ ಯಾಕೆ ನೋಡುತ್ತಿದ್ದಾನೆ ಎಂದು ನನಗೇ ಕಳವಳ ಶುರುವಾಯಿತು.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು. ಮೂಲೆಯಿಂದ ಚೆಂಡು ತೇಲಿಬಂತು. ಕೈಲಾಸ ಗೆರೆ ಬಿಟ್ಟು ಓಡಿಬಂದು "ನಂದು!" ಎಂದ. ಮತ್ತೆ, ಇನ್ನೂ ಜೋರಾಗಿ, "ನಂದು!" ಡ್ರಮ್ಮಿನ ನಡುವೆಯೂ ನನಗೆ ಸ್ಪಷ್ಟವಾಗಿ ಕೇಳಿತು, ನಮ್ಮ ಕಡೆಯ ದನಿ ನನಗೆ ತಿಳಿಯದೇ? ಯತಿನ್ ಹಾರಿದ. ಅವನ ತಲೆ ಕೈಲಾಸನ ಮುಖಕ್ಕೆ ಬಡಿದ ಸದ್ದನ್ನು ನಾನು ಇವತ್ತಿಗೂ ನೆನೆಯಲಾರೆ. ಚೆಂಡು ಕೆಳಗೆ ಬಿತ್ತು, ಎದುರಿನವನೊಬ್ಬ ಒಳಗೆ ತಳ್ಳಿದ. ಅವರು ಕುಣಿಯುತ್ತಿದ್ದರು, ಕೈಲಾಸ ಅಲುಗದೆ ಬಿದ್ದಿದ್ದ. ಯತಿನ್ ಅವನ ಪಕ್ಕ ಮೊಣಕಾಲೂರಿ ಹೆಸರು ಹಿಡಿದು ಕರೆಯುತ್ತಲೇ ಇದ್ದ.

ಕೈಲಾಸನ ಕೆನ್ನೆಯ ಎಲುಬು ಮುರಿದಿತ್ತು. ಕಲ್ಯಾಣದ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಆ ದಿನದ ಆಟವೇ ಅವನ ನೆನಪಿನಿಂದ ಅಳಿಸಿಹೋಗಿತ್ತು. ಕ್ಲಬ್ಬು ಕೆಳಗೆ ಬಿತ್ತು, ತಪ್ಪು ಯಾರದು ಎಂದು ಕೋಚ್ ಎಲ್ಲರನ್ನೂ ಕೇಳಿದರು. "ಕೀಪರ್" ಎಂದು ಕೂಗಿದ್ದನ್ನು ಯಾರೂ ಕೇಳಿರಲಿಲ್ಲ, ಕೂಗಿದ್ದರಲ್ಲವೇ ಕೇಳುವುದು? ಏನೋ ಅರಚಿದ, ಅವನು ಯಾವಾಗಲೂ ಅರಚುತ್ತಾನೆ ಎಂದರಂತೆ ಕನ್ನಡ ಬಾರದ ಹುಡುಗರು. ಅವರ ಪದ್ಧತಿ ತಿಳಿದಿದ್ದ ಸಂಗ್ರಾಮ ಆಗ ಒಳಗೆ ತೊಡೆಗೆ ಐಸ್ ಇಟ್ಟುಕೊಂಡು ಮಲಗಿದ್ದ. ವಿಡಿಯೋದಲ್ಲಿ ಬರೀ ಡ್ರಮ್ಮು. ಯತಿನನನ್ನು ಕೇಳಿದಾಗ ಅವನು, ನನಗೆ ಏನೂ ಕೇಳಲಿಲ್ಲ ಸರ್ ಎಂದ. ಅದು ನಿಜವೇ. ಅಂಥ ನಿಜದ ಮನೆ ಹಾಳಾಗಲಿ! ಕೂಗದೆ ನುಗ್ಗಿದ ಕೀಪರ್ ಬೇಡ ಎಂದು ಕ್ಲಬ್ಬು ತೀರ್ಮಾನಿಸಿತು. ಯತಿನನಿಗೆ ಹೊಸ ಕರಾರು, ಮೇಲೆ ಕ್ಯಾಪ್ಟನ್ ಪಟ್ಟ.

ಆ ಸುದ್ದಿ ಹೇಳಲು ಭಾನುವಾರ ಅವನು ರಮಿತಾಳ ಜೊತೆ ಕೋಪರಿಗೆ ಬಂದ. ಅದಕ್ಕೆ ಮುಂಚೆಯೇ ಯಶ್ವಂತ್ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು ಕೇಳಿದ್ದರು. "ಟೀಚರೇ, ಅವತ್ತು ನಿಮಗೆ ಕೇಳಿತಾ?"

"ಕೇಳದೇನ್ರಿ? ಎರಡ ಸಲ ಒದರಿದ."

"ನನಗೂ ಕೇಳಿತು" ಎಂದು ಅವರು ಕುರ್ಚಿ ಹುಡುಕಿಕೊಂಡು ಕೂತರು.

ಮಗನೊಡನೆ ಎಂದೂ ತುಳು ಬಿಟ್ಟು ಆಡದವರು, ಭಾನುವಾರ ಯತಿನ್ ಬಂದು ಕೂತ ಮೇಲೆ ನನ್ನೆದುರು ಬೇಕೆಂದೇ ಕನ್ನಡದಲ್ಲಿ ಕೇಳಿದರು. "ಅವ ಕೂಗಿದ್ದು ಹಿಂದೆ ಕೂತ ನನಗೆ ಕೇಳಿತು. ಪಕ್ಕದಲ್ಲಿದ್ದ ನಿನಗೆ ಕೇಳಲಿಲ್ಲ ಅಂದರೆ ಎಂತ ಅದು?"

ರಮಿತಾ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು: ಕಿವಿ, ಡಾಕ್ಟರು, ಎಡಗಡೆಯ ಜಾಗ. ಯಶ್ವಂತ್ ಮುಖ ಮುಚ್ಚಿಕೊಂಡರು. ನನ್ನ ಮೈಯೆಲ್ಲ ಉರಿದುಹೋಯಿತು.

"ನಿನ್ನ ಅನ್ನ ಉಳಿಸಿಕೊಳ್ಳಾಕ ಅವನ ಅನ್ನ ಕಸೀತಿಯೇನೋ?" ಎಂದೆ.

"ಕೂಗಿದ್ದು ಅವನಿಗೇ ಯಾದ್ ಇಲ್ಲ, ಟೀಚರ್" ಎಂದ, ತಲೆ ತಗ್ಗಿಸಿ.

ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಆದರೆ ಅವನು ಅಷ್ಟರಲ್ಲಿ ಮಗುವಿನ ಹಾಗೆ ಅಳುತ್ತಿದ್ದ. ಇವನನ್ನು ಬೈಯಲೋ ಸಮಾಧಾನ ಮಾಡಲೋ ತಿಳಿಯದೆ ನಾನೂ ಅತ್ತೆ. ಕೊನೆಗೆ ಅವನೇ ಕಣ್ಣೊರೆಸಿಕೊಂಡು ಎದ್ದು ಕಲ್ಯಾಣಕ್ಕೆ ಹೋಗಿ ಬರುತ್ತೇನೆ ಎಂದ. ಯಶ್ವಂತರೂ ನಾನೂ ಜೊತೆಗೆ ಹೊರಟೆವು. ಲೋಕಲ್ ರೈಲು ಹಿಡಿದು ಆಸ್ಪತ್ರೆ ಸೇರಿದೆವು.

ಕೈಲಾಸನ ಮುಖ ಒಂದು ಕಡೆ ಬಾತು ಕಣ್ಣು ಮುಚ್ಚಿಹೋಗಿತ್ತು. ಯತಿನನನ್ನು ಕಂಡ ಕೂಡಲೇ ಕೈ ಚಾಚಿದ. ಅವನು ಆಡಿದ ಮಾತು ಹಲ್ಲಿನ ಸಂದಿಯಿಂದ ಕಷ್ಟಪಟ್ಟು ಬಂತು.

"ತಪ್ಪು ನಂದ, ಯತಿನ್. ನಾ ಕೂಗಲೇ ಇಲ್ಲಂತ. ಅಂಜಿದ್ನೇನೋ, ಏನೋ. ನಿನ್ನ ತಲಿಗೆ ಪೆಟ್ಟಾಗಿಲ್ಲಲ್ಲ? ನನಗ ಇನ್ನ ಗೋಲಿನ್ಯಾಗ ನಿಂದ್ರೂ ಧೈರ್ಯ ಇಲ್ಲೋ."

ಯತಿನ್ ಅವನ ಕೈ ಬಿಡಿಸಿಕೊಂಡ. "ನೀನು ಕೂಗಿದ್ದೆ. ಎರಡು ಸಲ. ಅಪ್ಪನಿಗೆ ಕೇಳಿತು, ಟೀಚರಿಗೆ ಕೇಳಿತು. ನನಗೆ ಕೇಳಲಿಲ್ಲ. ಈ ಕಿವಿ ದೀಪಾವಳಿಯಿಂದ ಬಂದ್ ಆಗಿದೆ, ಇನ್ನೊಂದರಲ್ಲಿ ಬರೀ ಡ್ರಮ್ಮು. ನಿನಗೆ ಹೇಳಲಿಲ್ಲ ನಾನು."

ಕೈಲಾಸ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದ. "ಖರೇನ ಕೂಗಿದ್ನ್ಯಾ, ಟೀಚರ್?"

"ಖರೇನಪಾ. ಇಡೀ ಮೈದಾನಕ್ಕ ಕೇಳೂ ಹಂಗ ಕೂಗಿದಿ."

"ಹಂಗಾದ್ರ ನಾ ಅಂಜಿಲ್ಲ" ಎಂದ. ತೆರೆದಿದ್ದ ಒಂದು ಕಣ್ಣಿನಿಂದ ನೀರು ಇಳಿಯಿತು. ಗೋಡೆಯ ಕಡೆ ಹೊರಳಿ, "ನೀ ಈಗ ಹೋಗು ಯತಿನ್. ನಿನ್ನ ಮಾರಿ ನೋಡಾಕ ಆಗವಲ್ದು" ಎಂದ.

ಹೊರಗೆ ಬಂದು ಆಸ್ಪತ್ರೆಯ ಗೇಟಿನ ಹತ್ತಿರ ಯತಿನ್ ಕೋಚ್‌ಗೆ ಫೋನ್ ಹಚ್ಚಿದ. ಆ ಫೋನಿನೊಂದಿಗೆ ಅವನ ಆಟ ಮುಗಿಯಿತು, ಕೈಲಾಸನಿಗೆ ಟೀಮಿನಲ್ಲಿ ಜಾಗ ಉಳಿಯಿತು. ಕೈಲಾಸ ಮಾತ್ರ ಇವತ್ತಿನವರೆಗೂ ಇವನೊಡನೆ ಮಾತಾಡಿಲ್ಲ, ಅವನದು ತಪ್ಪು ಎಂದು ನಾನು ಹೇಳಲಾರೆ. ಅಂದು ಯತಿನ್ ಎಲ್ಲವನ್ನೂ ಹಿಂದಿಯಲ್ಲಿ ಒಪ್ಪಿಸಿದ. ಕೋಚ್ ನಂಬಲಿಲ್ಲವೆಂದು ಕಾಣುತ್ತದೆ. ಗೆಳೆಯನನ್ನು ಉಳಿಸಲು ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡರೋ ಏನೋ. ಕೈಲಾಸ ಕೂಗಿದ್ದನ್ನು ಕೇಳಿದವರು ಯಾರಿದ್ದಾರೆ ಎಂದು ಕೇಳಿದರು. ಯತಿನ್ ನಮ್ಮಿಬ್ಬರ ಕಡೆ ತಿರುಗಿದ. ನಾನು ಕೈ ಚಾಚುವಷ್ಟರಲ್ಲಿ ಯಶ್ವಂತ್ ಫೋನನ್ನು ಮಗನ ಕೈಯಿಂದ ತೆಗೆದುಕೊಂಡರು.

"ಸರ್, ಮೈಂ ಯತಿನ್ ಕಾ ಫಾದರ್" ಎಂದರು. "ಮೈಂ ಪೀಛೇ ಬೈಠಾ ಥಾ. ಕೀಪರ್ ನೇ ಆವಾಜ್ ದಿಯಾ ಥಾ. ಗಲತೀ ಮೇರೇ ಬೇಟೇ ಕೀ ಹೈ." ಹಿಂದೆ ಕೂತ ನನಗೆ ಕೀಪರನ ಕೂಗು ಕೇಳಿತು, ತಪ್ಪು ನನ್ನ ಮಗನದು ಎಂದು ಸಾಕ್ಷಿ ಹೇಳಿದರು.