ಡಾಲ್ಫಿನ್ನಿನ ಉಸಿರು

ದೆವ್ವ, ಪಿಶಾಚಿ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ಈಗಲೂ ಅವನ್ನು ನಂಬುವುದಿಲ್ಲ. ಆದರೆ ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಕೇಳಿದ್ದನ್ನು ಕೇಳಿಲ್ಲವೆಂದು ಹೇಗೆ ಹೇಳಲಿ?

ಊರಿನ ಬಂಡೆಗಳನ್ನು ಒಡೆದು ಸಾಫ್ಟ್‌ವೇರ್ ಕಂಪನಿಗಳಿಗೆ ಗಾಜಿನ ಕಟ್ಟಡ ಏಳಿಸುತ್ತಿದ್ದ ಕಾಲ. ನನ್ನ ಗಂಡನ ಆಫೀಸಿನವರು ಎಲ್ಲರನ್ನೂ ಸಂಸಾರ ಸಮೇತ ಕರಾವಳಿಗೆ ಡಾಲ್ಫಿನ್ ತೋರಿಸಲು ಕರೆದೊಯ್ದರು.

ದೋಣಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಒಂದು ತಾಯಿ, ಅದರ ಪಕ್ಕದಲ್ಲೇ ಮರಿ ಕಂಡವು. ಅಷ್ಟೇ, ಸುತ್ತಲಿನ ದೋಣಿಗಳೆಲ್ಲ ಮುಗಿಬಿದ್ದವು. ತಾಯಿ, ಮರಿ ಮುಳುಗಿ ಎದ್ದ ಕಡೆಗೆಲ್ಲ ದೋಣಿ ತಿರುಗಿಸುವುದು, ಸಿಳ್ಳೆ, ಕೇಕೆ. ಗಂಡನ ಗೆಳೆಯರೊಬ್ಬರು ಎಲ್ಲವನ್ನೂ ವಿಡಿಯೊ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರು.

"ಎಂಜಿನ್ ಬಂದ್ ಮಾಡ್ರಿ, ಮರಿ ಐತಿ!" ಎಂದು ಕೂಗಿದೆ.

"ಏನಾಗಲ್ಲ ಮೇಡಂ, ಹತ್ರ ಹೋದ್ರೇನೇ ಚೆಂದ," ಎಂದ ದೋಣಿಯವನು.

"ಸುಮ್ನಿರು, ಎಲ್ಲಾರೂ ನಿನ್ನ ನೋಡಾಕತ್ತಾರ," ಎಂದರು ನನ್ನ ಗಂಡ.

ಮರಿ ಮತ್ತೆ ಮೇಲೆ ಬಂದಾಗ ಅದರ ಬೆನ್ನು ಸೀಳಿತ್ತು. ಯಾವುದೋ ದೋಣಿಯ ಪ್ರೊಪೆಲ್ಲರ್ ತಗುಲಿತ್ತು. ತಾಯಿ ಅದನ್ನು ಮೂತಿಯಿಂದ ಎತ್ತಿ ಎತ್ತಿ ಗಾಳಿಗೆ ಹಿಡಿಯುತ್ತಿತ್ತು, ಮರಿ ಉಸಿರಾಡದೆ ಜಾರಿ ಬೀಳುತ್ತಿತ್ತು. ಪ್ರತಿ ಸಲವೂ ತಾಯಿ ಫುಸ್ಸೆಂದು ಉಸಿರು ಬಿಡುವುದು ನಮಗೆ ಕೇಳುತ್ತಿತ್ತು. ನಮ್ಮವರು ಅದನ್ನೂ ಆಟವೆಂದುಕೊಂಡು ಚಪ್ಪಾಳೆ ತಟ್ಟಿದರು. ಓದಿದವರು, ಮಡಿಲಲ್ಲಿ ಮಕ್ಕಳಿದ್ದವರು! ಆ ಸಿಟ್ಟು ಇನ್ನೂ ಇಳಿದಿಲ್ಲ.

ಊರಿಗೆ ಮರಳಿದ ಮೇಲೆ ಆ ಭಾನುವಾರ ಮಧ್ಯಾಹ್ನ ಗಂಡನ ಗೆಳೆಯರು ನಮ್ಮ ಮನೆಯಲ್ಲಿ ಸೇರಿ ಆ ವಿಡಿಯೊ ಹಾಕಿಕೊಂಡರು. ಟೀವಿಯಲ್ಲಿ ಸಿಳ್ಳೆ, ಚಪ್ಪಾಳೆ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ತಾಯಿ ಮರಿಯನ್ನೆತ್ತುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಟೀವಿ ಆರಿತು, ಫ್ಯಾನ್ ನಿಂತಿತು. ಆಗ ಕೇಳಿಸಿತು, ಫುಸ್... ಅದೇ ಉಸಿರು. ತುಸು ಬಿಟ್ಟು ಮತ್ತೆ. ಕೋಣೆಯ ನಡುವಿನಿಂದಲೇ ಬಂದಂತಿತ್ತು. ಯಾರೂ ಅಲುಗಾಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯ ಶಾಂತವ್ವ. ಕಲಬುರಗಿ ಕಡೆಯ ಮುದುಕಿ, ಸಮುದ್ರ ಕಂಡವರಲ್ಲ. ನಾವು ಎಲ್ಲಿಗೆ ಹೋಗಿದ್ದೆವೆಂಬುದೂ ಅವರಿಗೆ ಗೊತ್ತಿರಲಿಲ್ಲ.

"ಯಾರಿಗೇನಾಗ್ಯದವ್ವಾ? ಕೂಸು ಕಳಕೊಂಡಾಕಿ ಉಸುರು ಬಿಟ್ಟಂಗ ಕೇಳಾಕತ್ತದ," ಎಂದರು.

ಕರೆಂಟು ಬಂತು, ಫ್ಯಾನ್ ತಿರುಗಿತು, ಉಸಿರು ನಿಂತಿತು. ಯಾರೋ ಸಣ್ಣಗೆ ನಕ್ಕು, ಮುಂದಿನದು ಹಾಕಿ ಎಂದರು. ಮುಂದಿನದು! ನಾನು ಕ್ಯಾಸೆಟ್ ಹೊರಗೆಳೆದು, ಎಲ್ಲರೂ ಎದ್ದು ಹೋಗುವವರೆಗೆ ಕೈಯಲ್ಲೇ ಹಿಡಿದು ನಿಂತೆ.

ಅದೇನೆಂದು ಇಂದಿಗೂ ನನಗೆ ತಿಳಿದಿಲ್ಲ. ಮರುವರ್ಷ ಆಫೀಸಿನವರು ಮತ್ತೆ ಅಲ್ಲಿಗೇ ಹೋದರು, ನಾನು ಹೋಗಲಿಲ್ಲ. ಆ ಮಧ್ಯಾಹ್ನದ ಮಾತು ತೆಗೆದರೆ ನನ್ನ ಗಂಡ, "ಇನ್ವರ್ಟರ್ ಸಪ್ಪಳ ಇದ್ದೀತು, ಬಿಡು," ಎನ್ನುತ್ತಾರೆ.

ಆಗ ನಮ್ಮ ಮನೆಯಲ್ಲಿ ಇನ್ವರ್ಟರ್ ಇರಲಿಲ್ಲ.